ನಾದಿರಾ ಬೇರೆ, ಸಾರಾ ಬೇರೆ: ಲೇಖಕರ ಖಾಸಗಿ ಬದುಕಿನಲ್ಲಿ ಏನನ್ನು ಹುಡುಕಬೇಕು?

ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಓದಿ ಮುಗಿಸಿದವರು ಹೆಚ್ಚಾಗಿ ಕೇಳುವ ಮೊದಲ ಪ್ರಶ್ನೆ, ಇದು ಅವರದ್ದೇ ಕಥೆಯಾ ಅಂತ. ನಮ್ಮ ಕಾಸರಗೋಡಿನಲ್ಲಿ ಈ ಕುತೂಹಲ ಇನ್ನೂ ಜಾಸ್ತಿ. ನದಿ ನಮ್ಮದೇ, ಊರು ನಮ್ಮದೇ, ಅಲ್ಲಿನ ಮಾತು ನಡೆ ಎಲ್ಲ ಕಂಡದ್ದೇ. ಹಾಗಿರುವಾಗ ನಾದಿರಾ ಯಾರು, ಮಹಮ್ಮದ್ ಖಾನ್ ಯಾವ ಮನೆಯವರು ಎಂದು ಹುಡುಕಲು ಮನಸ್ಸಾಗುವುದು ಸಹಜ.

ಅದು ಅವರ ಕಥೆ ಅಲ್ಲ. ಆದರೆ ಅಷ್ಟು ಹೇಳಿ ಮಾತು ಮುಗಿಸಿದರೆ, ಅವರ ಬದುಕಿಗೂ ಆ ಕಾದಂಬರಿಗೂ ಸಂಬಂಧವೇ ಇಲ್ಲ ಎಂದು ಹೇಳಿದ ಹಾಗಾಗುತ್ತದೆ. ಅದೂ ತಪ್ಪು. ಸಂಬಂಧ ಇದೆ, ತುಂಬಾ ಗಟ್ಟಿಯಾಗಿಯೇ ಇದೆ. ನಾವು ಹುಡುಕುವ ಜಾಗದಲ್ಲಿ ಮಾತ್ರ ಇಲ್ಲ.

ಮೊದಲು ಕಾದಂಬರಿ ನೋಡೋಣ. ನಾದಿರಾ ಎಂಬ ಚಿಕ್ಕ ಹುಡುಗಿಗೆ ಮದುವೆಯಾಗುತ್ತದೆ. ಗಂಡ ರಶೀದ್ ಒಳ್ಳೆಯವನು. ಆದರೆ ಅಪ್ಪ ಮಹಮ್ಮದ್ ಖಾನ್ ಅಳಿಯನ ಮೇಲಿನ ಸಿಟ್ಟಿಗೆ ಮಗಳನ್ನು ಮನೆಗೆ ತಂದು ಕೂರಿಸುತ್ತಾನೆ, ತಲಾಖ್ ಆಗುವ ಹಾಗೆ ಮಾಡುತ್ತಾನೆ. ಆಮೇಲೆ ಗಂಡ ಹೆಂಡತಿ ಮತ್ತೆ ಒಂದಾಗಬೇಕು ಎಂದು ಬಯಸುತ್ತಾರೆ. ಆಗ ಅಡ್ಡ ಬರುವುದು ಒಂದು ಕಟ್ಟಳೆ. ಅವಳು ಬೇರೆ ಒಬ್ಬನನ್ನು ಮದುವೆಯಾಗಿ, ಒಂದು ರಾತ್ರಿ ಅವನ ಜೊತೆ ಕಳೆದು, ಅವನಿಂದ ತಲಾಖ್ ಪಡೆದ ಮೇಲೆಯೇ ಹಳೆಯ ಗಂಡನ ಬಳಿಗೆ ಹೋಗಬಹುದು. ನಾದಿರಾಗೆ ಅದು ಆಗುವುದಿಲ್ಲ. ಅವಳು ನೀರಿಗೆ ಹಾರಿ ಸಾಯುತ್ತಾಳೆ.

ಈಗ ಸಾರಾ ಅವರ ಬದುಕು. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದವರು. ಅಪ್ಪ ವಕೀಲರು. ಮುಸ್ಲಿಂ ಹೆಣ್ಣುಮಕ್ಕಳು ಶಾಲೆಗೆ ಹೋಗುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ ಮಗಳನ್ನು ಓದಿಸಿದರು. ಇಲ್ಲಿ ಶಾಲೆಯ ಓದು ಮುಗಿಸಿದ ಮೊದಲ ಮುಸ್ಲಿಂ ಹುಡುಗಿಯರಲ್ಲಿ ಸಾರಾ ಒಬ್ಬರು. ಶಾಲೆ ಮುಗಿದ ಸ್ವಲ್ಪದರಲ್ಲೇ ಮದುವೆ, ಗಂಡ ಎಂಜಿನಿಯರ್, ನಾಲ್ಕು ಗಂಡುಮಕ್ಕಳು. ಮನೆಮಾತು ಮಲಯಾಳಂ, ಶಾಲೆಯ ಮಾತು ಕನ್ನಡ. ಬರೆಯಲು ಶುರುಮಾಡಿದ್ದು 1980ರ ದಶಕದ ಆರಂಭದಲ್ಲಿ, ಅಂದರೆ ನಲವತ್ತೈದರ ಆಸುಪಾಸಿನಲ್ಲಿ. ಕಾದಂಬರಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂತು, ಆಮೇಲೆ ಪುಸ್ತಕವಾಯಿತು.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಹೊಂದುವುದಕ್ಕಿಂತ ಹೊಂದದೇ ಇರುವುದೇ ಜಾಸ್ತಿ ಅಲ್ವಾ? ಕಾದಂಬರಿಯ ಅಪ್ಪ ಮಗಳ ಬದುಕನ್ನು ಹಾಳು ಮಾಡುವವನು. ನಿಜದ ಅಪ್ಪ ಮಗಳ ಕೈಗೆ ಪುಸ್ತಕ ಕೊಟ್ಟವರು. ನಾದಿರಾಗೆ ತನ್ನ ಸಂಕಟವನ್ನು ಹೇಳಿಕೊಳ್ಳಲು ದಾರಿಯೇ ಇಲ್ಲ. ಸಾರಾ ಅದನ್ನು ಸಾವಿರಾರು ಓದುಗರಿಗೆ ಹೇಳಿದವರು.

ನನಗೆ ಬೆಳಕು ಕಾಣುವುದು ಈ ಹೊಂದದ ಜಾಗದಲ್ಲೇ. ತಾನು ಪಾರಾದ ಹುಡುಗಿ, ಪಾರಾಗದವರನ್ನು ನೋಡುತ್ತಿದ್ದಾಳೆ. ಅದೇ ಬೀದಿ, ಅದೇ ನದಿ, ಅದೇ ಸಮುದಾಯ. ಆದರೆ ತನಗೆ ಸಿಕ್ಕ ಶಾಲೆ ನೆರೆಮನೆಯ ಹುಡುಗಿಗೆ ಸಿಗಲಿಲ್ಲ. ಕಾದಂಬರಿಯೊಳಗೆ ಒಂದು ನಿಲುವು ಇದೆ. ಒಳಗಿನ ವಿವರ ಎಲ್ಲ ಗೊತ್ತಿದ್ದೂ ಒಂದು ಹೆಜ್ಜೆ ಈಚೆ ನಿಂತು ನೋಡುವ ನಿಲುವು. ಅದು ಎಲ್ಲಿಂದ ಬಂತು ಎಂಬುದು ಅವರ ಬದುಕು ಗೊತ್ತಾದರೆ ಮಾತ್ರ ಅರ್ಥವಾಗುತ್ತದೆ. ನಾದಿರಾಳಷ್ಟೇ ನೊಂದವಳು ಬರೆದಿದ್ದರೆ ಅದು ಬೇರೆ ಪುಸ್ತಕ ಆಗುತ್ತಿತ್ತು. ಈ ಊರನ್ನೇ ಕಾಣದವರು ಬರೆದಿದ್ದರೆ ಇನ್ನೊಂದೇ ಪುಸ್ತಕ.

ಹಾಗಾಗಿ ನಾನು ಹೇಳಬೇಕೆಂದಿರುವುದು ಇಷ್ಟು. ಲೇಖಕರ ಖಾಸಗಿ ಬದುಕನ್ನು ಕಥೆಯ ಮೂಲ ಹುಡುಕಲು ಓದಬಾರದು. ಅವರು ಎಲ್ಲಿ ನಿಂತು ನೋಡಿದರು, ಯಾವ ಭಾಷೆ ಕೈಗೆ ಸಿಕ್ಕಿತ್ತು, ಬರೆಯಲು ಹೊತ್ತು ಎಲ್ಲಿಂದ ಬಂತು, ಮನೆಯ ಖರ್ಚು ಯಾರು ನೋಡಿಕೊಂಡರು, ಇದನ್ನು ತಿಳಿಯಲು ಓದಬೇಕು. ಖಾಸಗಿ ಬದುಕು ಅಂದ ಕೂಡಲೇ ನಮಗೆ ಪ್ರೇಮ, ಜಗಳ, ಗುಟ್ಟು ಇವೇ ನೆನಪಿಗೆ ಬರುತ್ತವೆ. ಕೃತಿಯನ್ನು ರೂಪಿಸಿದ್ದು ಹೆಚ್ಚಿನ ಸಲ ಇವಲ್ಲ. ದಿನದ ಬದುಕು.

ಸಾರಾ ಅವರ ಭಾಷೆಯನ್ನೇ ನೋಡಿ. ಮಲಯಾಳಂ ಮಾತಾಡುವ ಮನೆಯಿಂದ ಬಂದವರು ಕನ್ನಡದಲ್ಲಿ ಬರೆದರು. ಇದಕ್ಕೆ ಕಾರಣ ಕನ್ನಡದ ಮೇಲಿನ ಪ್ರೀತಿ ಎಂದು ವೇದಿಕೆಯ ಭಾಷಣಗಳಲ್ಲಿ ಸುಲಭವಾಗಿ ಹೇಳಿಬಿಡುತ್ತೇವೆ. ಪ್ರೀತಿ ಇತ್ತು, ನಿಜ. ಆದರೆ ಅದಕ್ಕೂ ಮೊದಲು ಒಂದು ಸರಳ ಸಂಗತಿ ಇದೆ. ಅವರು ಶಾಲೆಗೆ ಹೋದಾಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಅವರು ಸೇರಿದ್ದು ಕನ್ನಡ ಶಾಲೆ. 1956ರ ನವೆಂಬರ್ 1ರಂದು ಊರು ಕೇರಳಕ್ಕೆ ಸೇರಿದಾಗ ಅವರಿಗೆ ಇಪ್ಪತ್ತು ವರ್ಷ. ಹತ್ತಿಪ್ಪತ್ತು ವರ್ಷ ತಡವಾಗಿ ಹುಟ್ಟಿದ್ದರೆ ಬಹುಶಃ ಮಲಯಾಳಂ ಶಾಲೆಗೆ ಹೋಗುತ್ತಿದ್ದರು, ಕನ್ನಡಕ್ಕೆ ಈ ಕಾದಂಬರಿ ಸಿಗುತ್ತಲೇ ಇರಲಿಲ್ಲ. ಒಬ್ಬ ಹುಡುಗಿ ಯಾವ ಶಾಲೆಯ ಮೆಟ್ಟಿಲು ಹತ್ತಿದಳು ಎಂಬ ಚಿಕ್ಕ ವಿಷಯ ಒಂದು ಸಾಹಿತ್ಯದ ದಾರಿಯನ್ನೇ ಬದಲಿಸಿತು. ಮನೆಮಾತು ಬಿಟ್ಟುಹೋಗಲೂ ಇಲ್ಲ. ಮುಂದೆ ಅವರು ಮಲಯಾಳದಿಂದ ಕನ್ನಡಕ್ಕೆ ಅನುವಾದ ಮಾಡಿದರು, ಕಮಲಾ ದಾಸ್ ಅವರ 'ಮನೋಮಿ'ಯೂ ಅದರಲ್ಲಿ ಒಂದು.

ಇನ್ನೊಂದು ಸಂಗತಿ, ವಕೀಲರ ಮನೆಯ ಮಗಳು ಎಂಬುದು. ಕಾದಂಬರಿಯ ಕಥೆ ಪೂರ್ತಿ ತಿರುಗುವುದು ಕಟ್ಟಳೆಯ ಸುತ್ತ. ಯಾರಿಗೆ ಯಾವ ಹಕ್ಕು, ಯಾವ ಮಾತು ಆಡಿದರೆ ಮದುವೆ ಮುರಿಯುತ್ತದೆ, ಮತ್ತೆ ಸೇರಲು ಏನು ಮಾಡಬೇಕು. ಕಾನೂನಿನ ಮಾತು ಕಿವಿಗೆ ಬೀಳುವ ಮನೆಯಲ್ಲಿ ಬೆಳೆದದ್ದಕ್ಕೂ ಈ ಗಮನಕ್ಕೂ ನಂಟಿರಬಹುದು ಅನ್ನಿಸುತ್ತದೆ. ಇದು ನನ್ನ ಊಹೆ. ಊಹೆ ಮಾಡುವುದರಲ್ಲಿ ತಪ್ಪಿಲ್ಲ. ಆದರೆ ಇದು ಊಹೆ, ಇದು ದಾಖಲೆ ಎಂದು ಓದುವವರಿಗೆ ಬೇರೆ ಬೇರೆಯಾಗಿ ಕಾಣಬೇಕು. ಲೇಖಕರ ಬಗ್ಗೆ ಬರುವ ಎಷ್ಟೋ ಲೇಖನಗಳಲ್ಲಿ ಈ ಗೆರೆ ಅಳಿಸಿಹೋಗಿರುತ್ತದೆ. "ಇದ್ದಿರಬಹುದು" ಎಂಬುದು ಎರಡನೇ ಪ್ಯಾರಾಕ್ಕೆ ಬರುವಾಗ "ಇತ್ತು" ಆಗಿಬಿಟ್ಟಿರುತ್ತದೆ.

ಒಂದು ವಿಷಯ ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ಹೆಂಗಸರು ಬರೆದರೆ ಅದು ಅವರ ಸ್ವಂತ ಕಥೆ, ಗಂಡಸರು ಬರೆದರೆ ಅದು ಸಮಾಜದ ಕಥೆ ಎಂದು ಓದುವ ಅಭ್ಯಾಸ. ಗಂಡಸೊಬ್ಬರು ಕೊಲೆಗಾರನ ಬಗ್ಗೆ ಕಾದಂಬರಿ ಬರೆದರೆ ನೀವು ಯಾರನ್ನು ಕೊಂದಿರಿ ಎಂದು ಯಾರೂ ಕೇಳುವುದಿಲ್ಲ. ಹೆಂಗಸೊಬ್ಬಳು ಕೆಟ್ಟ ಗಂಡನ ಬಗ್ಗೆ ಕಥೆ ಬರೆದರೆ, ಅವಳ ಪಕ್ಕದಲ್ಲಿ ಸುಮ್ನೆ ಕೂತಿರುವ ಪಾಪದ ಗಂಡನ ಕಡೆಗೆ ಎಲ್ಲರ ಕಣ್ಣು ಹೋಗುತ್ತದೆ. ಇದರಿಂದ ಎರಡು ಹಾನಿ. ಅವಳ ಕಲ್ಪನೆಯ ಶಕ್ತಿಗೆ, ಕಸುಬಿಗೆ ಬೆಲೆ ಸಿಗುವುದಿಲ್ಲ. ಮುಂದೆ ಬರೆಯಬೇಕೆಂದಿರುವ ಹುಡುಗಿಯರು ಹೆದರಿಕೊಳ್ಳುತ್ತಾರೆ, ಬರೆದರೂ ಮನೆಯವರಿಗೆ ನೋವಾಗದಂತೆ ಕಡ್ಡಿ ಮುರಿಯದೆ ಬರೆಯುತ್ತಾರೆ.

ಇನ್ನು ಮಂಜೇಶ್ವರಕ್ಕೆ ಹೋಗೋಣ. ಕವಿ ಗೋವಿಂದ ಪೈಗಳು 1883ರಲ್ಲಿ ಹುಟ್ಟಿದ್ದು, 1963ರ ತನಕ ಬದುಕಿನ ಬಹುಪಾಲು ಕಳೆದದ್ದು ಅಲ್ಲೇ. ಅವರ ಮನೆ ಇವತ್ತು 'ಗಿಳಿವಿಂಡು' ಎಂಬ ಹೆಸರಿನ ಸ್ಮಾರಕ. ಮನೆಮಾತು ಕೊಂಕಣಿ, ಬರೆದದ್ದು ಕನ್ನಡ, ತಿಳಿದಿದ್ದ ಭಾಷೆಗಳು ಇಪ್ಪತ್ತಕ್ಕೂ ಹೆಚ್ಚು. ಮದ್ರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದರು, ಅಪ್ಪ ತೀರಿಹೋದ ಸಂದರ್ಭದಲ್ಲಿ ಊರಿಗೆ ಬರಬೇಕಾಯಿತು, ಡಿಗ್ರಿ ಪೂರ್ತಿಯಾಗಲಿಲ್ಲ. ನಡುವಯಸ್ಸಿನಲ್ಲಿ ಹೆಂಡತಿಯನ್ನೂ ಕಳೆದುಕೊಂಡರು.

ಅವರ ಎರಡು ದೊಡ್ಡ ಕಾವ್ಯಗಳು 'ಗೊಲ್ಗೊಥಾ' ಮತ್ತು 'ವೈಶಾಖಿ'. ಒಂದು ಕ್ರಿಸ್ತನ ಕೊನೆಯ ದಿನದ್ದು, ಇನ್ನೊಂದು ಬುದ್ಧನ ಕೊನೆಯ ದಿನದ್ದು. ಈಗ ಯಾರಿಗಾದರೂ ಹೊಳೆಯುವ ವಿವರಣೆ ಏನು? ಅಪ್ಪ ಹೋದರು, ಹೆಂಡತಿ ಹೋದರು, ಹಾಗಾಗಿ ಕವಿಗೆ ಸಾವಿನ ಮೇಲೆ ಮನಸ್ಸು ನೆಟ್ಟಿತು, ಕೊನೆಯ ದಿನಗಳ ಬಗ್ಗೆ ಬರೆದರು. ಕೇಳಲು ಚೆನ್ನಾಗಿದೆ. ಆದರೆ ಇದು ಎಲ್ಲರಿಗೂ ಹೊಂದುವ ಅಂಗಿ. ಆ ಕಾಲದಲ್ಲಿ ಸಾವು ಕಾಣದ ಮನೆ ಯಾವುದಿತ್ತು? ಅವರ ಹಾಗೆಯೇ ನೊಂದ ಬೇರೆ ಕವಿಗಳು ಇಂಥ ಕಾವ್ಯ ಬರೆಯಲಿಲ್ಲ. ಎಲ್ಲರಿಗೂ ಆದ ಒಂದು ಸಂಗತಿ, ಒಬ್ಬರೇ ಮಾಡಿದ ಕೆಲಸಕ್ಕೆ ಕಾರಣ ಆಗಲಾರದು.

ಅವರ ದಿನಚರಿಯ ಕಡೆ ನೋಡಿದರೆ ಬೇರೆ ವಿವರಣೆ ಕಾಣುತ್ತದೆ. ಪೈಗಳು ಕವಿ ಎಷ್ಟೋ ಸಂಶೋಧಕರೂ ಅಷ್ಟೇ, ಅದರಲ್ಲೂ ಕಾಲನಿರ್ಣಯದಲ್ಲಿ ಅವರಿಗೆ ಬಿಡದ ಆಸಕ್ತಿ. ಯಾವ ಶಾಸನ ಯಾವ ವರ್ಷದ್ದು, ಶ್ರವಣಬೆಳಗೊಳದ ಗೊಮ್ಮಟನ ಪ್ರತಿಷ್ಠೆಯಾದ ದಿನ ಯಾವುದು, ಹೀಗೆ ತಿಥಿ, ವಾರ, ನಕ್ಷತ್ರ ಹಿಡಿದು ಲೆಕ್ಕ ಹಾಕುತ್ತಿದ್ದವರು. ಈಜಿಪ್ಟಿನ ಮರಳಿನಲ್ಲಿ ಸಿಕ್ಕ ಗ್ರೀಕ್ ಪ್ರಹಸನವೊಂದರಲ್ಲಿ ಬರುವ ಅರ್ಥವಾಗದ ಮಾತುಗಳು ಕನ್ನಡದವು ಎಂಬ ಚರ್ಚೆಯಲ್ಲೂ ಕೂತು ಒಂದೊಂದು ಪದ ಬಿಡಿಸಿದವರು. ಇಂಥವರಿಗೆ ಒಂದು ದೊಡ್ಡ ಬದುಕನ್ನು ಒಂದೇ ದಿನದೊಳಗೆ ಹಿಡಿಯುವುದು ಬಹಳ ಸಹಜವಾದ ದಾರಿ ಅಂತ ನನಗನ್ನಿಸುತ್ತದೆ. 'ವೈಶಾಖಿ' ಎಂಬ ಹೆಸರೇ ಒಂದು ತಿಥಿಯನ್ನು ಹೇಳುತ್ತದೆ, ವೈಶಾಖದ ಹುಣ್ಣಿಮೆ. ದುಃಖ ಕವಿತೆಯೊಳಗೆ ಇಲ್ಲ ಎಂದಲ್ಲ. ಆದರೆ ಕಾವ್ಯದ ಆಕಾರಕ್ಕೆ ಕಾರಣ ಹುಡುಕುವಾಗ, ಮನೆಯಲ್ಲಿ ನಡೆದ ಸಾವಿಗಿಂತ ಮೇಜಿನ ಮೇಲೆ ದಿನಾ ನಡೆಯುತ್ತಿದ್ದ ಕೆಲಸ ಹತ್ತಿರದ ಸಾಕ್ಷಿ.

ಇನ್ನೊಂದು, ಹಣ. ಇದನ್ನು ಕನ್ನಡದಲ್ಲಿ ನಾವು ಅಷ್ಟಾಗಿ ಮಾತಾಡುವುದಿಲ್ಲ. ಪೈಗಳದು ಸಾಹುಕಾರರ ಮನೆತನ. ಹೊಟ್ಟೆಪಾಡಿಗೆ ನೌಕರಿ ಹಿಡಿಯಬೇಕಾದ ಒತ್ತಡ ಇರಲಿಲ್ಲ. ಅಷ್ಟು ಭಾಷೆ ಕಲಿಯಲು, ಪುಸ್ತಕ ತರಿಸಲು, ಒಂದು ತಿಥಿಯ ಹಿಂದೆ ಬೀಳಲು ಬೇಕಾದ ಬಿಡುವು ಅಲ್ಲಿಂದ ಬಂತು. ಇದನ್ನು ಹೇಳಿದರೆ ಅವರ ದೊಡ್ಡತನ ಕಡಿಮೆಯಾಗುವುದಿಲ್ಲ. ಆಸ್ತಿ ಇದ್ದ ಮನೆಗಳು ಕರಾವಳಿಯಲ್ಲಿ ಎಷ್ಟೋ ಇದ್ದವು, ಅಲ್ಲೆಲ್ಲ ಗೋವಿಂದ ಪೈ ಹುಟ್ಟಲಿಲ್ಲ. ಆದರೆ ಬಡ ಮೇಷ್ಟ್ರೊಬ್ಬರು ಅದೇ ಕೆಲಸವನ್ನು ಯಾಕೆ ಮಾಡಲಿಲ್ಲ ಎಂದು ಕೇಳುವಾಗ ಈ ವಿಷಯ ಗೊತ್ತಿರಬೇಕು. ಸಾರಾ ನಲವತ್ತೈದರ ಹೊತ್ತಿಗೆ ಬರೆಯಲು ಶುರುಮಾಡಿದ್ದನ್ನೂ ಇದರ ಪಕ್ಕದಲ್ಲೇ ಇಟ್ಟು ನೋಡಿ. ಗೋವಿಂದ ಪೈಗಳು ದ್ವಿತೀಯಾಕ್ಷರ ಪ್ರಾಸವನ್ನು, ಅಂದರೆ ಸಾಲುಗಳ ಎರಡನೇ ಅಕ್ಷರ ಹೊಂದಲೇಬೇಕು ಎಂಬ ಹಳೆಯ ಕಟ್ಟನ್ನು ಬಿಟ್ಟು 'ಹೊಲೆಯನು ಯಾರು' ಬರೆದದ್ದು 1911ರಲ್ಲಿ, ಆಗ ಅವರಿಗೆ ಇಪ್ಪತ್ತೆಂಟು. ಒಬ್ಬರು ಇಪ್ಪತ್ತೆಂಟಕ್ಕೆ ಕನ್ನಡ ಕವಿತೆಯ ಕಟ್ಟು ಬಿಚ್ಚುತ್ತಾರೆ, ಇನ್ನೊಬ್ಬರು ಆ ವಯಸ್ಸಿನಲ್ಲಿ ಮನೆ, ಮಕ್ಕಳು ಎಂದು ಓಡಾಡುತ್ತಿರುತ್ತಾರೆ. ಪ್ರತಿಭೆಯಲ್ಲಿ ಹೆಚ್ಚು ಕಡಿಮೆ ಎಂಬ ಮಾತೇ ಅಲ್ಲ ಇದು. ಹೊತ್ತು ಯಾರಿಗೆ ಯಾವಾಗ ಸಿಕ್ಕಿತು ಎಂಬ ಮಾತು.

ಕವಿ ಕಯ್ಯಾರ ಕಿಞ್ಞಣ್ಣ ರೈಗಳ ವಿಷಯದಲ್ಲಿ ಖಾಸಗಿ ಯಾವುದು, ಸಾರ್ವಜನಿಕ ಯಾವುದು ಎಂದು ಬಿಡಿಸುವುದೇ ಕಷ್ಟ. ಮನೆಮಾತು ತುಳು. ಶಾಲೆಯಲ್ಲಿ ಮೇಷ್ಟ್ರು, ಮನೆಯಲ್ಲಿ ಕೃಷಿಕ. ಆತ್ಮಕಥೆಗೆ ಅವರು ಇಟ್ಟ ಹೆಸರು 'ದುಡಿಮೆಯೇ ನನ್ನ ದೇವರು'. ಅವರ "ಬೆಂಕಿ ಬಿದ್ದಿದೆ ಮನೆಗೆ, ಓ ಬೇಗ ಬನ್ನಿ" ಎಂಬ ಕರೆಯನ್ನು ಬೆಂಗಳೂರಿನಲ್ಲಿ ಕೂತು ಓದಿದರೆ 'ಮನೆ' ಎಂಬುದು ಬರೀ ರೂಪಕ. ಅವರಿದ್ದ ಬದಿಯಡ್ಕದಲ್ಲಿ ಕೂತು ಓದಿದರೆ ಹಾಗಲ್ಲ. 1956ರಲ್ಲಿ ಅವರು ಮನೆ ಬದಲಿಸಲಿಲ್ಲ, ತೋಟ ಬದಲಿಸಲಿಲ್ಲ, ವಿಳಾಸ ಮಾತ್ರ ಬೇರೆ ರಾಜ್ಯದ್ದಾಯಿತು. ದಕ್ಷಿಣ ಕನ್ನಡ ಹೋಗಿ ಕಣ್ಣೂರು ಜಿಲ್ಲೆ ಬಂತು, ಕಾಸರಗೋಡು ಸ್ವಂತ ಜಿಲ್ಲೆಯಾದದ್ದು 1984ರಲ್ಲಿ. ತಾನು ಕಲಿಸುವ ಮಕ್ಕಳಿಗೆ ಕನ್ನಡ ಓದಿ ಮುಂದೇನು ಎಂಬ ಪ್ರಶ್ನೆ ಎದುರಾದಾಗ ಮೇಷ್ಟ್ರ ಕೆಲಸವೇ ಹೋರಾಟವಾಗಿಬಿಡುತ್ತದೆ. ಚಂದ್ರಗಿರಿಯ ಉತ್ತರದ ಭಾಗ ಕನ್ನಡ ರಾಜ್ಯಕ್ಕೆ ಸೇರಬೇಕು ಎಂದು ಗಡಿ ವಿವಾದವನ್ನು ನೋಡಿದ ಮಹಾಜನ ಆಯೋಗ 1967ರಲ್ಲಿ ಹೇಳಿತು, ಅದು ಆಗಲಿಲ್ಲ. ರೈಗಳು 2015ರ ಆಗಸ್ಟ್‌ನಲ್ಲಿ, ನೂರು ತುಂಬಿದ ಮೇಲೆ ತೀರಿಕೊಂಡರು. ಅಂದರೆ ಕವಿತೆಯಲ್ಲಿ ಹತ್ತಿದ ಬೆಂಕಿಯ ಜೊತೆ ಅವರು ಮತ್ತೆ ಸುಮಾರು ಅರವತ್ತು ವರ್ಷ ಬದುಕಿದರು. ಇದು ತಿಳಿದ ಮೇಲೆ ಆ ಸಾಲಿನ ಅವಸರ ನನಗೆ ಬೇರೆಯಾಗಿಯೇ ಕೇಳುತ್ತದೆ.

ಕೃತಿಯನ್ನು ಕೃತಿಯಾಗಿಯೇ ಓದಿ, ಬರೆದವರ ಜಾತಕ ಯಾಕೆ ಎನ್ನುವವರೂ ಇದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಬರೆದವರ ಉದ್ದೇಶದಿಂದ ಕವಿತೆಯನ್ನು ಅಳೆಯಬಾರದು ಎಂದು ಅಮೆರಿಕದ ಇಬ್ಬರು ವಿಮರ್ಶಕರು 1946ರಲ್ಲೇ ವಾದಿಸಿದ್ದರು. ಫ್ರಾನ್ಸಿನ ರೋಲಾಂ ಬಾರ್ತ್ 1967ರಲ್ಲಿ ಲೇಖಕ ಸತ್ತ ಎಂದೇ ಬರೆದ. ಕನ್ನಡದಲ್ಲೂ ನವ್ಯದ ಕಾಲದಿಂದ ಕೃತಿನಿಷ್ಠ ವಿಮರ್ಶೆ ಗಟ್ಟಿಯಾಗಿ ಬೇರೂರಿತು. ಈ ವಾದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಕುಂಬಳೆಯಲ್ಲೇ ಇದೆ. ಯಕ್ಷಗಾನದ ರಾಮಾಯಣ ಪ್ರಸಂಗಗಳ ಕವಿ ಪಾರ್ತಿಸುಬ್ಬನ ಬದುಕಿನ ಬಗ್ಗೆ ಗಟ್ಟಿಯಾಗಿ ಹೇಳಬಹುದಾದದ್ದು ಬಹಳ ಕಡಿಮೆ. ಹೆಸರಿನಲ್ಲಿರುವ ಪಾರ್ತಿ ಯಾರು ಎಂಬುದಕ್ಕೇ ಒಂದಕ್ಕಿಂತ ಹೆಚ್ಚು ಕಥೆಗಳಿವೆ. ವಿದ್ವಾಂಸ ಮುಳಿಯ ತಿಮ್ಮಪ್ಪಯ್ಯನವರು ಪಾರ್ತಿಸುಬ್ಬನ ಮೇಲೆ ಪುಸ್ತಕವನ್ನೇ ಬರೆದರು. ಶಿವರಾಮ ಕಾರಂತರು ಈ ಪ್ರಸಂಗಗಳು ಕುಂಬಳೆಯವನದಲ್ಲ, ಬ್ರಹ್ಮಾವರದ ಕಡೆಯ ಸುಬ್ಬನದು ಎಂಬ ವಾದ ಎತ್ತಿದರು. ಈ ಜಗಳ ನಡೆಯುತ್ತಿರುವಾಗಲೂ 'ಪಂಚವಟಿ' ಆಟ ನಡೆಯುತ್ತಲೇ ಇತ್ತು, ಭಾಗವತರು ಹಾಡುತ್ತಲೇ ಇದ್ದರು, ನೋಡುವವರಿಗೆ ಏನೂ ಕೊರತೆ ಆಗಲಿಲ್ಲ. ಪಾರ್ತಿಸುಬ್ಬನ ವಿಷಯದಲ್ಲಿ ದಾರಿ ಉಲ್ಟಾ. ಪದ್ಯಗಳಲ್ಲಿ ಬರುವ ಕಣ್ವಪುರದ, ಅಂದರೆ ನಮ್ಮ ಕುಂಬಳೆಯ ಕಣಿಪುರದ ಕೃಷ್ಣನ ಸ್ತುತಿಯನ್ನು ಹಿಡಿದು ಕವಿಯ ಊರನ್ನು ಹುಡುಕಿದ್ದಾರೆ. ಬದುಕಿನಿಂದ ಕೃತಿಗೆ ಬೆಳಕಲ್ಲ, ಕೃತಿಯಿಂದ ಬದುಕಿಗೆ.

ಹಾಗಾದರೆ ಬದುಕು ತಿಳಿದರೆ ಏನು ಲಾಭ? ಕೆಲವು ಸಲ ಅದು ಹೊಸ ಅರ್ಥ ಕೊಡುವುದಿಲ್ಲ, ತಪ್ಪು ಅರ್ಥವನ್ನು ತಡೆಯುತ್ತದೆ. ಬೇಂದ್ರೆಯವರನ್ನು ತೆಗೆದುಕೊಳ್ಳಿ. ಅವರ "ನೀ ಹೀಂಗ ನೋಡಬ್ಯಾಡ ನನ್ನ" ಹಾಡನ್ನು ಮದುವೆ ಮನೆಯಲ್ಲಿ, ಪ್ರೇಮಗೀತೆ ಎಂದು ನಗುನಗುತ್ತಾ ಹಾಡುವುದನ್ನು ನಾನು ಕೇಳಿದ್ದೇನೆ. ಅದು ಮಗು ತೀರಿಹೋದ ಮನೆಯಲ್ಲಿ ಗಂಡ ಹೆಂಡತಿಗೆ ಹೇಳುವ ಮಾತು. ಬೇಂದ್ರೆ ದಂಪತಿ ಮಕ್ಕಳನ್ನು ಕಳೆದುಕೊಂಡ ಸಂಗತಿ ಒಂದು ಸಲ ಕಿವಿಗೆ ಬಿದ್ದರೆ ಸಾಕು, ನಗುತ್ತಾ ಹಾಡಲು ಯಾರಿಗೂ ಆಗುವುದಿಲ್ಲ. ಹಾಗೆ ನೋಡಿದರೆ, ಹಗಲಿನ ಮುಗಿಲಲ್ಲಿ ಹುಣ್ಣಿಮೆ ಚಂದ್ರನ ಹೆಣ ತೇಲುವ ಚಿತ್ರ ಅದೇ ಕವಿತೆಯಲ್ಲಿದೆ. ಕವಿತೆ ತಾನೇ ಹೇಳುತ್ತಿತ್ತು. ಬದುಕಿನ ವಿವರ ನಮ್ಮನ್ನು ಮತ್ತೊಮ್ಮೆ ಆ ಸಾಲಿನ ಮುಂದೆ ತಂದು ನಿಲ್ಲಿಸಿತು, ಅಷ್ಟೇ. ನನ್ನ ಪ್ರಕಾರ ಬದುಕಿನ ವಿವರ ಮಾಡಬೇಕಾದ ಒಳ್ಳೆಯ ಕೆಲಸ ಇದೇ. ಅದು ನಮ್ಮನ್ನು ಪುಸ್ತಕದಿಂದ ಆಚೆ ಎಳೆದುಕೊಂಡು ಹೋಗಿ ಗಾಸಿಪ್ಪಿಗೆ ಹಚ್ಚಿದರೆ ಅದರಿಂದ ಉಪಯೋಗ ಇಲ್ಲ.

ವಿವರ ಸಿಗುವುದು ಎಲ್ಲಿಂದ ಎಂಬುದೂ ಮುಖ್ಯ. ಲೇಖಕರೇ ಬರೆದ ಆತ್ಮಕಥೆ ಇದ್ದರೆ ಅದೇ ಕೊನೆಯ ಮಾತು ಎಂದುಕೊಳ್ಳುತ್ತೇವೆ. ಆದರೆ ಆತ್ಮಕಥೆಯೂ ಒಂದು ಕೃತಿ. ಸಾರಾ ಅವರ 'ಹೊತ್ತು ಕಂತುವ ಮುನ್ನ' ಬಂದದ್ದು ಮೊದಲ ಕಾದಂಬರಿ ಬಂದು ಎಷ್ಟೋ ವರ್ಷಗಳ ನಂತರ, ಆಗ ಅವರು ಎಪ್ಪತ್ತು ದಾಟಿದ್ದರು. ಹೆಸರು ಬಂದ ಮೇಲೆ, ಎಷ್ಟೋ ವಿರೋಧ ಎದುರಿಸಿದ ಮೇಲೆ ಹಿಂದಕ್ಕೆ ತಿರುಗಿ ನೋಡಿದ ನೋಟ ಅದು. ಅಲ್ಲಿ ಕಾಣುವ ಶಾಲಾ ಹುಡುಗಿಯನ್ನು ನೆನಪಿಸಿಕೊಳ್ಳುತ್ತಿರುವವರು ಒಬ್ಬ ಪ್ರಸಿದ್ಧ ಲೇಖಕಿ. ಕಮಲಾ ದಾಸ್ ಅವರಂತೂ ತಮ್ಮ ಆತ್ಮಕಥೆಯಲ್ಲಿ ಕಲ್ಪನೆಯೂ ಬೆರೆತಿದೆ ಎಂದು ಮುಂದೆ ತಾವೇ ಹೇಳಿದ್ದರು. ಹಾಗಾಗಿ ಮೊದಲು ನೋಡಬೇಕಾದದ್ದು ತಾರೀಕು. ಘಟನೆ ಯಾವಾಗ ನಡೆಯಿತು, ಕೃತಿ ಯಾವಾಗ ಬಂತು, ಅದರ ಬಗ್ಗೆ ಯಾರು ಯಾವಾಗ ಹೇಳಿದರು. ಕವಿತೆ ಬಂದ ಮೇಲೆ ನಡೆದ ಘಟನೆಯನ್ನು ಆ ಕವಿತೆಗೆ ಕಾರಣ ಮಾಡಿದ ಲೇಖನಗಳೂ ಇರುತ್ತವೆ, ತಾರೀಕು ಅಕ್ಕಪಕ್ಕ ಬರೆದುಕೊಂಡರೆ ಸಾಕು, ಅಂಥವು ಬಿದ್ದುಹೋಗುತ್ತವೆ.

ಆಮೇಲೆ ಕಾಗದ ಪತ್ರಗಳು. ಇಲ್ಲಿ ನಮ್ಮೂರಿನ ಸ್ಥಿತಿ ಒಳ್ಳೆಯದಿಲ್ಲ. ಕಾಸರಗೋಡಿನ ಹಳೆಯ ಮನೆಗಳಲ್ಲಿ ಕನ್ನಡದಲ್ಲಿ ಬರೆದ ಮೇಷ್ಟ್ರುಗಳು, ತಾಳಮದ್ದಳೆಯ ಅರ್ಥಧಾರಿಗಳು, ಪತ್ರಿಕೆಗೆ ಕವಿತೆ ಕಳಿಸುತ್ತಿದ್ದ ಹೆಂಗಸರು ಎಷ್ಟೋ ಜನ ಇದ್ದರು. ಅವರ ಪತ್ರಗಳು, ಕರಡುಗಳು, ತೋಟದ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟ ಸಾಲುಗಳು ಮನೆ ಪಾಲಾಗುವಾಗ, ಹಂಚಿನ ಮಾಡು ತೆಗೆದು ಟೆರೇಸು ಹಾಕುವಾಗ ಗುಜರಿಗೆ ಹೋಗುತ್ತವೆ. ಮಕ್ಕಳು ಮಲಯಾಳಂ ಅಥವಾ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಮನೆಗಳಲ್ಲಿ ಆ ಕಾಗದ ಏನು ಎಂದು ಓದಿ ಹೇಳುವವರೂ ಇಲ್ಲ. ನಿಮ್ಮ ಅಟ್ಟದಲ್ಲಿ ಅಂಥದ್ದು ಇದ್ದರೆ ಕವಿತೆಯ ಪುಸ್ತಕ ಮಾತ್ರ ಆರಿಸಿಕೊಂಡು ಉಳಿದದ್ದನ್ನು ಬಿಡಬೇಡಿ. ಅಡಿಕೆ ಮಾರಿದ ಲೆಕ್ಕ, ಪುಸ್ತಕ ತರಿಸಿದ ರಶೀದಿ, ಸಂಪಾದಕರು ಕವಿತೆ ವಾಪಸ್ ಕಳಿಸಿದ ಕಾರ್ಡು, ಅವು ಯಾವ ಕಟ್ಟಿನಲ್ಲಿ ಯಾವ ಕ್ರಮದಲ್ಲಿ ಇದ್ದವೋ ಹಾಗೆಯೇ ಫೋಟೋ ತೆಗೆದು, ತಾರೀಕು ಬರೆದು ಇಡಿ. ಮನೆಯ ಹಿರಿಯರು ಇದ್ದರೆ, ಅಜ್ಜ ಬರೆಯಲು ಕೂರುತ್ತಿದ್ದದ್ದು ಎಷ್ಟು ಹೊತ್ತಿಗೆ, ಆಗ ತೋಟದ ಕೆಲಸ ಯಾರು ನೋಡಿಕೊಳ್ಳುತ್ತಿದ್ದರು ಎಂದು ಈಗಲೇ ಕೇಳಿ ಬರೆದುಕೊಳ್ಳಿ.